ಸಾರ್ಡೀನ್ ಡಬ್ಬಿ, ಹೀರೇಕಾಯಿ, ಮಿಸುವಾ: ಫಿಲಿಪೀನ್ಸ್‌ನ ಅಗ್ಗದ ಶ್ಯಾವಿಗೆ ಸಾರು ಕೆಡದಂತೆ ಮಾಡುವ ಕ್ರಮ

ದುಬೈ, ಕುವೈತ್‌ಗಳಲ್ಲಿ ಫಿಲಿಪಿನೋ ಸಹೋದ್ಯೋಗಿಗಳ ಜೊತೆ ಉಂಡವರು, ಹಡಗಿನಲ್ಲಿ ಅವರೊಂದಿಗೆ ಕೆಲಸ ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಅವರು ಮಾಡಿದರೆ ಎಳೆ ಎಳೆಯಾಗಿ ಬರುವ ಮೀನಿನ ಶ್ಯಾವಿಗೆ ಸಾರು ನಾವು ಮಾಡಿದರೆ ಗಂಜಿಯಾಗುತ್ತದೆ, ಯಾಕೆ?" ಇದರ ಬೆನ್ನಿಗೇ ಇನ್ನೆರಡು ದೂರು ಬರುತ್ತವೆ. ಮೀನು ನಾತ ಹೊಡೆಯುತ್ತದೆ, ಉಪ್ಪು ಹೆಚ್ಚಾಗುತ್ತದೆ. ಮೂರು ತಪ್ಪಿನ ಬೇರೂ ಒಂದೇ, ಯಾವುದನ್ನು ಯಾವ ಹೊತ್ತಿಗೆ ಪಾತ್ರೆಗೆ ಹಾಕಿದಿರಿ ಎನ್ನುವುದು. ಹೊತ್ತು ಸರಿಯಾದರೆ ಒಲೆ ಹಚ್ಚಿದ ಅರ್ಧ ಗಂಟೆಯೊಳಗೆ ನಾಲ್ಕು ಜನರ ಊಟ ಮುಗಿಯುತ್ತದೆ.

ಫಿಲಿಪೀನ್ಸ್‌ನಲ್ಲಿ ಸಂಬಳ ಸಾಮಾನ್ಯವಾಗಿ ತಿಂಗಳಿಗೆ ಎರಡು ಸಲ ಕೈಸೇರುತ್ತದೆ, 15ಕ್ಕೆ ಮತ್ತು ತಿಂಗಳ ಕೊನೆಗೆ. ಅದಕ್ಕೆ ಮುಂಚಿನ ಕೈಖಾಲಿ ದಿನಗಳಿಗೆ ಅಲ್ಲಿ 'ಪೆತ್ಸಾ ದೆ ಪೆಲಿಗ್ರೊ' ಎನ್ನುತ್ತಾರೆ, ಅಂದರೆ ಅಪಾಯದ ತಾರೀಕುಗಳು. ಆ ದಿನಗಳಲ್ಲಿ ಮನೆಮನೆಯ ಒಲೆಯ ಮೇಲೇರುವ ಅಡುಗೆಗಳಲ್ಲಿ ಇದೂ ಒಂದು. ಮಳೆಗಾಲದ ಊಟವೂ ಹೌದು. ಚಂಡಮಾರುತ ಬಂದಾಗ ಸರ್ಕಾರ ಹಂಚುವ ಪರಿಹಾರದ ಚೀಲಗಳಲ್ಲಿ ಅಕ್ಕಿಯ ಜೊತೆ ಸಾರ್ಡೀನ್ ಡಬ್ಬಿ ಇರುತ್ತದೆ. 1992ರ ಬೆಲೆ ಕಾಯ್ದೆಯಲ್ಲಿ ಡಬ್ಬಿ ಮೀನನ್ನು ಅಕ್ಕಿ, ಬ್ರೆಡ್ಡುಗಳ ಸಾಲಿನಲ್ಲೇ ಮೂಲ ಅಗತ್ಯವೆಂದು ಸೇರಿಸಿದ್ದಾರೆ.

ಮೊದಲು ನಾಲ್ಕು ಮಾತುಗಳ ಅರ್ಥ

ಮಿಸುವಾ: ಗೋಧಿ ಹಿಟ್ಟು, ಉಪ್ಪು, ನೀರು ಇಷ್ಟರಿಂದಲೇ ಮಾಡಿದ, ಕೂದಲೆಳೆಯಷ್ಟು ತೆಳುವಾದ ಬಿಳಿ ಶ್ಯಾವಿಗೆ. ಚೀನಾದ ಫುಜಿಯಾನ್ ಪ್ರಾಂತ್ಯದಿಂದ ವಲಸೆ ಬಂದ ಹೊಕ್ಕಿಯೆನ್ ಭಾಷಿಕರು ಇದನ್ನು ಫಿಲಿಪೀನ್ಸ್‌ಗೆ ತಂದರು. ಹೆಸರೂ ಅವರದೇ, ನೂಲಿನಂಥ ಹಿಟ್ಟಿನೆಳೆ ಎಂದು ಅರ್ಥ. ಕಣಕವನ್ನು ಒತ್ತಿ ಇಳಿಸುವುದಿಲ್ಲ, ಕೈಯಲ್ಲಿ ಎಳೆದೆಳೆದು ಉದ್ದ ಮಾಡಿ ಒಣಗಿಸುತ್ತಾರೆ. ಹಾಗೆ ಎಳೆಯುವಾಗ ತುಂಡಾಗದಿರಲು ಕಣಕಕ್ಕೆ ಉಪ್ಪು ಚೆನ್ನಾಗಿ ಬೀಳುತ್ತದೆ. ಆದ್ದರಿಂದ ಮಿಸುವಾ ತಾನೇ ಉಪ್ಪು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಗಿಸಾ: ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಈ ಮೂರನ್ನು ಒಂದಾದ ಮೇಲೊಂದರಂತೆ ಹುರಿಯುವುದು. ಫಿಲಿಪೀನ್ಸ್ ಅಡುಗೆಗೆ ಇದೇ ತಳಪಾಯ, ನಮಗೆ ಒಗ್ಗರಣೆ ಇದ್ದ ಹಾಗೆ.

ಪತೋಲಾ: ನಮ್ಮ ಹೀರೇಕಾಯಿಯೇ. ಏಣಿನ ಹೀರೇಕಾಯಿ, ತುಪ್ಪದ ಹೀರೇಕಾಯಿ ಎರಡೂ ನಡೆಯುತ್ತವೆ.

ಪತಿಸ್: ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಬಸಿದ, ಜೇನಿನ ಬಣ್ಣದ ತಿಳಿ ರಸ. ಉಪ್ಪಿನ ಬದಲು ಬಳಸುತ್ತಾರೆ.

ಬೇಕಾದದ್ದು (ನಾಲ್ಕು ಜನರಿಗೆ)

ಟೊಮೆಟೊ ಸಾಸಿನಲ್ಲಿರುವ ಸಾರ್ಡೀನ್, 155 ಗ್ರಾಂ ಡಬ್ಬಿ 2
ಮಿಸುವಾ 100 ಗ್ರಾಂ
ಹೀರೇಕಾಯಿ 1, ಸುಮಾರು 300 ಗ್ರಾಂ
ಬೆಳ್ಳುಳ್ಳಿ 6 ಎಸಳು
ಈರುಳ್ಳಿ 1, ಮಧ್ಯಮ ಗಾತ್ರ
ಟೊಮೆಟೊ 2, ಚೆನ್ನಾಗಿ ಹಣ್ಣಾದದ್ದು
ಎಣ್ಣೆ 2 ದೊಡ್ಡ ಚಮಚ
ನೀರು ಒಂದೂವರೆ ಲೀಟರ್
ಕಾಳುಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ
ಪತಿಸ್ 1 ಚಿಕ್ಕ ಚಮಚ, ಇಲ್ಲದಿದ್ದರೆ ಉಪ್ಪು
ನುಗ್ಗೆ ಸೊಪ್ಪು ಒಂದು ಹಿಡಿ, ಬೇಕಿದ್ದರೆ

ನುಗ್ಗೆ ಸೊಪ್ಪನ್ನು ಕಂಡು ಅಚ್ಚರಿಪಡಬೇಡಿ. 'ಮಲುಂಗ್ಗಾಯ್' ಎಂಬ ಹೆಸರಲ್ಲಿ ಅದು ಅಲ್ಲಿನ ಹಿತ್ತಲುಗಳಲ್ಲೂ ಬೆಳೆಯುತ್ತದೆ, ಸಾರಿಗೆ ಬೀಳುತ್ತದೆ.

ನೀರಿನ ಅಳತೆಯಲ್ಲಿ ಮಾತ್ರ ಕೈ ಹಿಡಿಯಬೇಡಿ. ಒಂದು ಲೀಟರಿಗೆ 100 ಗ್ರಾಂ ಮಿಸುವಾ ಹಾಕಿದರೆ ಬಟ್ಟಲಿಗೆ ಬರುವ ಹೊತ್ತಿಗೆ ಸಾರು ಕಾಣುವುದೇ ಇಲ್ಲ.

ಡಬ್ಬಿ ಕೊಳ್ಳುವಾಗ

ಫಿಲಿಪೀನ್ಸ್‌ನ ಸಾರ್ಡೀನ್ ಡಬ್ಬಿ ಕಾರ್ಖಾನೆಗಳಲ್ಲಿ ಹೆಚ್ಚಿನವು ಮಿಂಡನಾವೊ ದ್ವೀಪದ ಜಾಂಬೊವಾಂಗಾ ನಗರದ ಸುತ್ತ ಇವೆ. ಡಬ್ಬಿಯಲ್ಲಿರುವುದು ಅಲ್ಲಿ 'ತಂಬಾನ್' ಎಂದು ಕರೆಯುವ ಮೀನು. ನಮ್ಮ ಬೂತಾಯಿಯ ಹತ್ತಿರದ ನೆಂಟ, ಎರಡೂ ಸಾರ್ಡಿನೆಲ್ಲಾ ಕುಲದವೇ. ಕುಂದಾಪುರದ ಕಡೆಯವರು ಬೈಗೆ ಎಂದೂ ಕಾರವಾರದವರು ತಾರ್ಲೆ ಎಂದೂ ಕರೆಯುವುದು ಇದೇ ಬೂತಾಯಿಯನ್ನು. 2011ರಿಂದ ಜಾಂಬೊವಾಂಗಾದ ಕಡಲಲ್ಲಿ ಸಾರ್ಡೀನ್ ಮೊಟ್ಟೆಯಿಡುವ ಕಾಲಕ್ಕೆ ವರ್ಷಕ್ಕೆ ಮೂರು ತಿಂಗಳು ಬಲೆ ಬೀಸುವುದನ್ನು ನಿಲ್ಲಿಸುತ್ತಿದ್ದಾರೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಡ ಸೇರುವಂತೆ.

ಲಿಗೊ, 555, ಮೆಗಾ, ಯಂಗ್ಸ್ ಟೌನ್, ಮಾಸ್ಟರ್ ಇವು ಅಲ್ಲಿನ ಮನೆಗಳಲ್ಲಿ ಕಾಣುವ ಡಬ್ಬಿಗಳು. ಕೊಲ್ಲಿ ದೇಶಗಳ ದೊಡ್ಡ ಅಂಗಡಿಗಳಲ್ಲಿ ಫಿಲಿಪಿನೋ ಸಾಮಾನಿನ ಕಪಾಟಿನಲ್ಲಿ ಹುಡುಕಿ, ಮಿಸುವಾ ಕೂಡ ಅಲ್ಲೇ ಸಿಗುತ್ತದೆ. ಸಾದಾ ಮತ್ತು ಖಾರದ್ದು ಎಂದು ಎರಡು ಬಗೆ ಇರುತ್ತದೆ. ಮಕ್ಕಳಿರುವ ಮನೆಗೆ ಸಾದಾ ತಂದು, ದೊಡ್ಡವರು ಹಸಿಮೆಣಸು ಕಚ್ಚಿಕೊಳ್ಳುವುದು ಮೇಲು.

ಎಣ್ಣೆಯಲ್ಲಿಟ್ಟ ಸಾರ್ಡೀನ್ ಮಾತ್ರ ಸಿಕ್ಕಿದರೆ ಟೊಮೆಟೊ ನಾಲ್ಕಕ್ಕೆ ಏರಿಸಿ, ಒಗ್ಗರಣೆಗೆ ಡಬ್ಬಿಯ ಎಣ್ಣೆಯನ್ನೇ ಬಳಸಿ. ಉಪ್ಪುನೀರಿನಲ್ಲಿಟ್ಟದ್ದಾದರೆ ಆ ನೀರನ್ನು ಚೆಲ್ಲಿಬಿಡಿ.

ಎಚ್ಚರಿಕೆ: ಉಬ್ಬಿದ ಡಬ್ಬಿ, ತುಕ್ಕು ತಿಂದು ಸೋರುವ ಡಬ್ಬಿ, ತೆರೆದಾಗ ಬುಸ್ಸೆಂದು ರಸ ಚಿಮ್ಮುವ ಡಬ್ಬಿ ಬೇಡವೇ ಬೇಡ. ಅಂಚಿನ ಬೆಸುಗೆಯ ಮೇಲೇ ನೆಗ್ಗಿದ್ದರೆ ಅದೂ ಬೇಡ, ಅಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರಬಹುದು. ಕೆಟ್ಟ ಡಬ್ಬಿಯಲ್ಲಿ ಬೆಳೆಯಬಹುದಾದ ಬೊಟುಲಿನಮ್ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣವನ್ನೇ ತೆಗೆಯಬಲ್ಲದು. ನಾಲಗೆಗೆ ತಾಗಿಸಿ ನೋಡುವ ಸಾಹಸವನ್ನೂ ಮಾಡಬೇಡಿ. ದುಡ್ಡು ಉಳಿಸುವುದು ಬೇರೆ ಕಡೆ ಇರಲಿ.

ಮಾಡುವ ಕ್ರಮ

1. ಮೀನು ಬೇರೆ, ಸಾಸು ಬೇರೆ ಮಾಡಿ

ಡಬ್ಬಿ ತೆರೆದು ಮೀನುಗಳನ್ನು ಮುಳ್ಳುಚಮಚದಿಂದ ಮೆಲ್ಲಗೆ ಎತ್ತಿ ತಟ್ಟೆಗೆ ಹಾಕಿ. ಸಾಸನ್ನು ಇನ್ನೊಂದು ಬಟ್ಟಲಿಗೆ ಬಗ್ಗಿಸಿ. ಖಾಲಿ ಡಬ್ಬಿಗೆ ಅಳೆದಿಟ್ಟ ನೀರಿನಿಂದಲೇ ಸ್ವಲ್ಪ ಹಾಕಿ, ಅಲ್ಲಾಡಿಸಿ, ಆ ನೀರನ್ನು ಉಳಿದ ನೀರಿಗೇ ಸೇರಿಸಿ. ಗೋಡೆಗಂಟಿದ ಸಾಸು ಒಂದು ಚಮಚವಾದರೂ ಇರುತ್ತದೆ.

ಬೇರೆ ಮಾಡುವುದು ಯಾಕೆಂದರೆ, ಸಾಸಿಗೆ ಬೆಂಕಿ ಬೇಕು, ಮೀನಿಗೆ ಬೇಡ. ಮೀನು ಡಬ್ಬಿಯೊಳಗೇ ಒತ್ತಡದ ಆವಿಯಲ್ಲಿ ಪೂರ್ತಿ ಬೆಂದಿದೆ, ಮುಳ್ಳು ಕೂಡ ಮೆತ್ತಗಾಗಿದೆ. ಮೊದಲೇ ಹಾಕಿ ಕದಡಿದರೆ ಪುಡಿಯಾಗಿ ಸಾರು ಮಣ್ಣುನೀರಿನಂತೆ ಕಾಣುತ್ತದೆ. ಮುಳ್ಳು ತೆಗೆಯುವ ಅಗತ್ಯವಿಲ್ಲ. ಸುಣ್ಣದಂಶ ಇರುವುದು ಅದರಲ್ಲೇ.

2. ಹೀರೇಕಾಯಿ ಹೆಚ್ಚಿ, ರುಚಿ ನೋಡಿ

ಏಣುಗಳನ್ನು ಹೆರೆದು, ಸಿಪ್ಪೆಯನ್ನು ತೆಳುವಾಗಿ ತೆಗೆದು, ಅರ್ಧ ಅಂಗುಲ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಇದಕ್ಕಿಂತ ತೆಳುವಾದರೆ ಕರಗಿಹೋಗುತ್ತದೆ. ಸಿಪ್ಪೆಯನ್ನು ಎಸೆಯಬೇಡಿ, ನಾಳೆಯ ಚಟ್ನಿಗಾಯಿತು. ಹೆಚ್ಚಿದ ಮೇಲೆ ಎರಡೂ ತುದಿಯಿಂದ ಒಂದೊಂದು ಚೂರು ಬಾಯಿಗಿಟ್ಟು ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಹೀರೇಕಾಯಿಯ ಕಹಿ ಬೇಯಿಸಿದರೆ ಹೋಗುವುದಿಲ್ಲ, ಹೊಟ್ಟೆಗೆ ಹೋದರೆ ವಾಂತಿ, ಭೇದಿ ಮಾಡಿಸುತ್ತದೆ.

3. ಗಿಸಾ ಮಾಡಿ

ದಪ್ಪ ತಳದ ಸ್ಟೀಲ್ ಪಾತ್ರೆ ಇಡಿ. ಕಬ್ಬಿಣದ ಬಾಣಲೆಯಲ್ಲೋ ಬರಿ ಅಲ್ಯೂಮಿನಿಯಂ ಪಾತ್ರೆಯಲ್ಲೋ ಮಾಡಿದರೆ ಟೊಮೆಟೊದ ಹುಳಿ ಲೋಹವನ್ನು ಎಳೆದುಕೊಂಡು ಸಾರು ಒಗರಾಗುತ್ತದೆ. ಎಣ್ಣೆ ಕಾದ ಮೇಲೆ ಉರಿ ಮಧ್ಯಮಕ್ಕಿಳಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ. ಅಂಚು ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಈರುಳ್ಳಿ ಹಾಕಿ. ಈರುಳ್ಳಿಯ ನೀರು ಬೆಳ್ಳುಳ್ಳಿ ಸೀಯುವುದನ್ನು ತಡೆಯುತ್ತದೆ. ಬೆಳ್ಳುಳ್ಳಿ ಕಂದು ದಾಟಿ ಕಪ್ಪಾದರೆ ತೆಗೆದು ಬಿಸಾಡಿ ಮತ್ತೆ ಶುರುಮಾಡಿ, ಆ ಕಹಿಯನ್ನು ಮುಚ್ಚುವಷ್ಟು ಮಸಾಲೆ ಈ ಅಡುಗೆಯಲ್ಲಿಲ್ಲ.

ಈರುಳ್ಳಿ ಪಾರದರ್ಶಕವಾದಾಗ ಟೊಮೆಟೊ ಹಾಕಿ ಸೌಟಿನ ಬೆನ್ನಿನಿಂದ ಒತ್ತುತ್ತಾ ಹುರಿಯಿರಿ. ಸಿಪ್ಪೆ ಬಿಟ್ಟುಕೊಂಡು ತಿರುಳು ಕರಗಬೇಕು, ನಾಲ್ಕೈದು ನಿಮಿಷ. ಇಲ್ಲಿ ಅರಿಸಿನ, ಸಾಂಬಾರು ಪುಡಿ ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಹಾಕಿದರೆ ಆಗುವುದು ಇನ್ನೊಂದು ಅಡುಗೆ. ಚೆನ್ನಾಗಿರಬಹುದು, ಆದರೆ ನೀವು ಕೇಳಿದ ರುಚಿ ಅದಲ್ಲ.

4. ಸಾಸನ್ನು ಹುರಿಯಿರಿ

ಮೀನು ನಾತದ ದೂರು ತೀರುವುದು ಈ ಹಂತದಲ್ಲಿ. ಹೆಚ್ಚಿನವರು ಡಬ್ಬಿಯನ್ನು ನೇರವಾಗಿ ನೀರಿಗೆ ಸುರಿದು ಕುದಿಸುತ್ತಾರೆ. ಆಗ ಸಾಸಿನ ಹಸಿ ವಾಸನೆ ಇಡೀ ಪಾತ್ರೆಗೆ ಹರಡಿ ಅಲ್ಲೇ ನಿಲ್ಲುತ್ತದೆ. ಬದಲಿಗೆ ಸಾಸನ್ನು ಮಾತ್ರ ಗಿಸಾಗೆ ಸುರಿದು, ಕಾಳುಮೆಣಸಿನ ಪುಡಿ ಉದುರಿಸಿ, ಮುಚ್ಚಳ ಹಾಕದೆ ಮೂರು ನಿಮಿಷ ಕುದಿಸಿ. ವಾಸನೆ ಆವಿಯ ಜೊತೆ ಹೋಗಬೇಕು, ಮುಚ್ಚಿದರೆ ಹೋಗಲು ದಾರಿಯಿಲ್ಲ. ಸಾಸು ಗಟ್ಟಿಯಾಗಿ, ಅಂಚಿನಲ್ಲಿ ಕೆಂಪೆಣ್ಣೆ ತೇಲಿದಾಗ ಆಯಿತು. ವಾಸನೆಗೆ ತೀರಾ ಅಂಜುವವರು ಬೆಳ್ಳುಳ್ಳಿಯ ಜೊತೆ ಒಂದು ಚೂರು ಶುಂಠಿ ಜಜ್ಜಿ ಹಾಕಬಹುದು. ಅಲ್ಲಿಯೂ ಹಾಗೆ ಮಾಡುವವರಿದ್ದಾರೆ.

5. ನೀರು, ಹೀರೇಕಾಯಿ, ಮೀನು

ನೀರು ಸುರಿದು ಜೋರು ಉರಿಯಲ್ಲಿ ಕುದಿ ಬರಿಸಿ. ಕುದಿದ ಮೇಲೆ ಹೀರೇಕಾಯಿ ಹಾಕಿ ಮೂರು ನಿಮಿಷ ಬಿಡಿ. ಬಿಲ್ಲೆಯ ಅಂಚು ತಿಳಿಹಸಿರಾಗಿ ನಡು ಇನ್ನೂ ತುಸು ಗಟ್ಟಿಯಿರುವಾಗ ಮೀನನ್ನು ಒಂದೊಂದಾಗಿ ಇಳಿಸಿ. ಸೌಟಿನಿಂದ ತಿರುವಬೇಡಿ, ಪಾತ್ರೆಯ ಕಿವಿ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು.

ಈಗ ರುಚಿ ನೋಡಿ. ಸಾರು ಸಪ್ಪೆ ಎನ್ನಿಸಬೇಕು. ಈ ಹೊತ್ತಿಗೇ ಉಪ್ಪು ಸರಿಯಾಗಿದೆ ಎನ್ನಿಸಿದರೆ ಒಂದು ಲೋಟ ನೀರು ಸೇರಿಸಿ. ಉಪ್ಪಿನ ಶ್ಯಾವಿಗೆ ಇನ್ನೂ ಬೀಳುವುದಿದೆ.

6. ಊಟಕ್ಕೆ ಕೂರಿಸಿ, ಆಮೇಲೆ ಮಿಸುವಾ ಹಾಕಿ

ಇಲ್ಲಿಯವರೆಗಿನ ಸಾರು ಮುಚ್ಚಿಟ್ಟರೆ ಒಂದು ಗಂಟೆ ಕಾಯುತ್ತದೆ. ಮಿಸುವಾ ಬಿದ್ದ ಮೇಲೆ ಐದು ನಿಮಿಷವೂ ಕಾಯುವುದಿಲ್ಲ. ಆದ್ದರಿಂದ ತಟ್ಟೆ, ಬಟ್ಟಲು ಇಟ್ಟು, ಮನೆಯವರನ್ನು ಕೂಗಿ, ಎಲ್ಲರೂ ಕೂತಿದ್ದಾರೆ ಎಂದಾದ ಮೇಲೆ ಸಾರನ್ನು ಮತ್ತೆ ಕೊತಕೊತ ಕುದಿಸಿ. ಮಿಸುವಾವನ್ನು ಎರಡಾಗಿ ಮುರಿದು, ಒಂದೇ ಕಡೆ ಗುಡ್ಡೆ ಹಾಕದೆ ಪಾತ್ರೆಯ ಸುತ್ತ ಹರಡಿ. ಮುಳ್ಳುಚಮಚದಿಂದ ಎಳೆಗಳನ್ನು ಒಮ್ಮೆ ಬಿಡಿಸಿ. ಒಂದು ನಿಮಿಷವಾಗುತ್ತಿದ್ದಂತೆ ಒಲೆ ಆರಿಸಿ. ನುಗ್ಗೆ ಸೊಪ್ಪು ಹಾಕುವುದಿದ್ದರೆ ಒಲೆ ಆರಿಸಿದ ಕ್ಷಣದಲ್ಲಿ ಹಾಕಿ ಮುಳುಗಿಸಿ. ಉಳಿದ ಬೇಯುವಿಕೆ ಪಾತ್ರೆಯ ಬಿಸಿಯಲ್ಲೇ ನಡೆಯುತ್ತದೆ.

ಎರಡು ತಪ್ಪುಗಳನ್ನು ಇಲ್ಲಿ ಪದೇ ಪದೇ ಕಾಣಬಹುದು. ಮೊದಲನೆಯದು, ಅಕ್ಕಿಯಂತೆ ಮಿಸುವಾವನ್ನು ತೊಳೆಯುವುದು. ತೊಳೆದರೆ ಎಳೆಗಳು ಅಂಟಿ ಮುದ್ದೆಯಾಗಿ, ಹೊರಗೆ ಕರಗಿ ಒಳಗೆ ಹಸಿಯಾಗಿ ಉಳಿಯುತ್ತವೆ. ಎರಡನೆಯದು, "ಇನ್ನೂ ನೀರಾಗಿದೆ" ಎಂದು ಇನ್ನೊಂದು ಹಿಡಿ ಹಾಕುವುದು. ಮಿಸುವಾ ನೀರು ಕುಡಿಯುವುದು ನಿಧಾನವಾಗಿ, ಒಲೆ ಆರಿದ ಮೇಲೂ. ಪಾತ್ರೆಯಲ್ಲಿ ನೀರಾಗಿ ಕಂಡದ್ದು ಬಟ್ಟಲಿಗೆ ಬರುವಷ್ಟರಲ್ಲಿ ಹದವಾಗಿರುತ್ತದೆ.

ಮುರಿಯುವುದರ ಬಗ್ಗೆಯೂ ಕೇಳುತ್ತಾರೆ. ಚೀನೀ ಮೂಲದ ಫಿಲಿಪಿನೋ ಕುಟುಂಬಗಳಲ್ಲಿ ಹುಟ್ಟುಹಬ್ಬಕ್ಕೆ ಮಿಸುವಾ ಮಾಡುವಾಗ ಮುರಿಯುವುದಿಲ್ಲ, ಉದ್ದನೆಯ ಎಳೆ ದೀರ್ಘಾಯುಸ್ಸಿನ ಗುರುತು. ದಿನದ ಸಾರಿಗೆ ಆ ಕಟ್ಟುಪಾಡು ಬೇಡ.

7. ಉಪ್ಪು ಕೊನೆಗೆ

ಒಲೆ ಆರಿಸಿ ಒಂದು ನಿಮಿಷ ಬಿಟ್ಟು ರುಚಿ ನೋಡಿ. ಬೇಕಿದ್ದರಷ್ಟೇ ಪತಿಸ್ ಅಥವಾ ಉಪ್ಪು ಹಾಕಿ. ಎಷ್ಟೋ ಸಲ ಬೇಕೇ ಆಗುವುದಿಲ್ಲ. ಡಬ್ಬಿ, ಮಿಸುವಾ, ಪತಿಸ್ ಮೂರೂ ಉಪ್ಪಿನವೇ ಆದ್ದರಿಂದ ರಕ್ತದೊತ್ತಡ ಇರುವವರು ಪತಿಸ್ ಪೂರ್ತಿ ಬಿಡಿ, ಮೀನು ತರಕಾರಿ ತಿಂದು ಸಾರನ್ನು ಕಡಿಮೆ ಕುಡಿಯಿರಿ. ಬಡಿಸಿದ ಮೇಲೆ ಅಲ್ಲಿಯವರು 'ಕಲಮಾನ್ಸಿ' ಎಂಬ ಪುಟ್ಟ ಹುಳಿಹಣ್ಣನ್ನು ಹಿಂಡಿಕೊಳ್ಳುತ್ತಾರೆ. ನಮಗೆ ನಿಂಬೆಹಣ್ಣು ಸಾಕು. ಹುಳಿಯನ್ನು ಬಟ್ಟಲಿಗೆ ಹಿಂಡಿ, ಪಾತ್ರೆಗಲ್ಲ.

ಮಿಸುವಾ ಸಿಗದ ಊರಿನಲ್ಲಿ

ರುಚಿಯಲ್ಲಿ ತೀರಾ ಹತ್ತಿರದ್ದು ಜಪಾನಿನ ಸೋಮೆನ್, ಅದೂ ಉಪ್ಪು ಬೆರೆಸಿ ಎಳೆದ ಗೋಧಿ ಎಳೆ. ಮಿಸುವಾಕ್ಕಿಂತ ತುಸು ದಪ್ಪ, ಆದ್ದರಿಂದ ಎರಡು ನಿಮಿಷ ಕೊಡಿ. ಅದೂ ಇಲ್ಲದಿದ್ದರೆ ರಂಜಾನ್ ಹೊತ್ತಿಗೆ ಅಂಗಡಿಗಳಲ್ಲಿ ತೂಗುವ, ಶೀರ್ ಕುರ್ಮಾಕ್ಕೆ ಬಳಸುವ ಕೂದಲೆಳೆಯಂಥ ಗೋಧಿ ಶ್ಯಾವಿಗೆ ಆಗುತ್ತದೆ. ಹುರಿಯದ ಬಿಳಿಯದನ್ನೇ ಆರಿಸಿ, ಹುರಿದದ್ದರಲ್ಲಿ ಪಾಯಸದ ಪರಿಮಳ ಬಂದುಬಿಡುತ್ತದೆ. ಇದರಲ್ಲಿ ಉಪ್ಪು ಇರುವುದಿಲ್ಲ, ಸಾರಿಗೆ ಮುಕ್ಕಾಲು ಚಿಕ್ಕ ಚಮಚದಷ್ಟು ಉಪ್ಪು ಬೇಕಾದೀತು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಸೆದು ಒಣಗಿಸಿದ ಶಾವಿಗೆ ಇದ್ದರೆ ಅದೂ ಸರಿ, ಎಳೆಯ ದಪ್ಪ ನೋಡಿ ಮೂರರಿಂದ ಐದು ನಿಮಿಷ ಬೇಯಿಸಿ. ಒತ್ತುಶ್ಯಾವಿಗೆ, ಮಸಾಲೆ ನೂಡಲ್ಸ್ ಇದಕ್ಕೆ ಒಗ್ಗುವುದಿಲ್ಲ.

ತಾಜಾ ಬೂತಾಯಿ ಹಾಕಬಹುದೇ?

ಕರಾವಳಿಯವರ ಪ್ರಶ್ನೆ ಇದು. ಹಾಕಬಹುದು, ಆದರೆ ಡಬ್ಬಿಯ ಮೀನಿನಂತೆ ಮುಳ್ಳು ಮೆತ್ತಗಾಗುವುದಿಲ್ಲ, ಶ್ಯಾವಿಗೆಯ ಎಳೆಯ ನಡುವೆ ಸಿಕ್ಕ ಮುಳ್ಳು ಗಂಟಲಿಗೆ ಹೋದೀತು. ತಲೆ, ಹೊಟ್ಟೆ ತೆಗೆದ 300 ಗ್ರಾಂ ಬೂತಾಯಿಯನ್ನು ನಾಲ್ಕು ಟೊಮೆಟೊ, ಒಂದು ದೊಡ್ಡ ಚಮಚ ವಿನೆಗರ್, ಮೀನು ಮುಳುಗುವಷ್ಟು ನೀರಿನೊಡನೆ ಕುಕ್ಕರಿನಲ್ಲಿಟ್ಟು, ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ನೀರು ಬತ್ತಿ ತಳ ಹಿಡಿಯದಂತೆ ನಿಗಾ ಇರಲಿ. ಗ್ಯಾಸಿನ ಲೆಕ್ಕ ಹಿಡಿದರೆ ಡಬ್ಬಿಯೇ ಅಗ್ಗವಾಗುವ ದಿನಗಳೂ ಇವೆ. ಹೀಗೆ ಬೇಯಿಸಿದ್ದನ್ನು ಬಾಟಲಿಯಲ್ಲಿ ತುಂಬಿ ಹೊರಗೆ ಇಟ್ಟುಕೊಳ್ಳುವ ಯೋಚನೆ ಮಾಡಬೇಡಿ, ಕಾರ್ಖಾನೆಯ ಶುದ್ಧೀಕರಣ ಅಡುಗೆಮನೆಯಲ್ಲಿ ಆಗುವಂಥದ್ದಲ್ಲ.

ಡಬ್ಬಿ ಒಂದೇ, ಜನ ನಾಲ್ಕು

ಮಿಸುವಾ 80 ಗ್ರಾಂಗೆ, ನೀರು ಒಂದೂಕಾಲು ಲೀಟರಿಗೆ ಇಳಿಸಿ, ಟೊಮೆಟೊ ಮೂರು ಮಾಡಿ. ಕೊರತೆಯನ್ನು ಮೊಟ್ಟೆ ತುಂಬುತ್ತದೆ. ಮಿಸುವಾ ಹಾಕುವ ಮೂರು ನಿಮಿಷ ಮೊದಲು, ಕುದಿ ತಗ್ಗಿಸಿ, ಮೊಟ್ಟೆಗಳನ್ನು ಒಡೆದು ಅಲ್ಲಲ್ಲಿ ಇಳಿಸಿ ಕದಡದೆ ಬಿಡಿ. ತಲೆಗೊಂದರಂತೆ ಬಂದರೆ ಮೀನು ಕಡಿಮೆಯಾದದ್ದು ಯಾರಿಗೂ ತಿಳಿಯದು. ಫಿಲಿಪಿನೋ ಮನೆಗಳಲ್ಲಿ ಇದನ್ನು ಅನ್ನದ ಜೊತೆಯೂ ಉಣ್ಣುತ್ತಾರೆ, ಹಸಿವು ದೊಡ್ಡದಾಗಿದ್ದರೆ ಆ ದಾರಿ ಹಿಡಿಯಿರಿ.

ಉಳಿದರೆ

ಮಿಸುವಾ ಹಾಕಿದ ಸಾರು ಮಾರನೆಯ ದಿನಕ್ಕೆ ಮುದ್ದೆ. ಬಿಸಿನೀರು ಸೇರಿಸಿ ಸಡಿಲ ಮಾಡಬಹುದು, ಎಳೆ ಮರಳಿ ಬರುವುದಿಲ್ಲ. ಇಬ್ಬರೇ ಉಣ್ಣುವವರಾದರೆ ಐದನೆಯ ಹಂತದವರೆಗೆ ಪೂರ್ತಿ ಮಾಡಿ, ಅರ್ಧ ಸಾರನ್ನು ಮಿಸುವಾ ಇಲ್ಲದೆ ಎತ್ತಿಡಿ. ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಕೆಡುವುದಿಲ್ಲ. ಬೇಕಾದಾಗ ಕುದಿಸಿ, 50 ಗ್ರಾಂ ಮಿಸುವಾ ಹಾಕಿ, ಒಂದು ನಿಮಿಷಕ್ಕೆ ಇಳಿಸಿ. ತೆರೆದ ಡಬ್ಬಿಯಲ್ಲಿ ಮೀನು ಉಳಿದರೆ ಡಬ್ಬಿ ಸಮೇತ ಫ್ರಿಜ್ಜಿಗೆ ತಳ್ಳಬೇಡಿ. ಗಾಜಿನ ಅಥವಾ ಸ್ಟೀಲಿನ ಮುಚ್ಚಳದ ಪಾತ್ರೆಗೆ ಬದಲಿಸಿ, ಅದನ್ನೂ ಎರಡು ದಿನದೊಳಗೆ ಮುಗಿಸಿ. ಸೆಕೆಯ ದಿನಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದ ಮೀನನ್ನು ಮತ್ತೆ ಕುದಿಸಿ ತಿನ್ನುವುದು ಬೇಡ. ಈ ಜಾತಿಯ ಮೀನು ಕೆಡುವಾಗ ಹಿಸ್ಟಮಿನ್ ಹುಟ್ಟುತ್ತದೆ, ಕುದಿಸಿದರೂ ಅದು ಸಾಯುವ ವಸ್ತುವಲ್ಲ. ಮುಖ ಕೆಂಪೇರಿ ಮೈ ತುರಿಸಿ ತಲೆ ಸಿಡಿಯುವುದು ಅದರಿಂದಲೇ.